ಕೋವಿನ್ ಬಳಸಿದ ಅನುಭವ: ಐದಕ್ಕೆ ಮೂರೂವರೆ

ಮೊನ್ನೆ ಹಳೇ ಫೋನ್ ಖಾಲಿ ಮಾಡುವಾಗ ಅಮ್ಮನ ಕೋವಿಡ್ ಲಸಿಕೆ ಸರ್ಟಿಫಿಕೇಟ್ ಸಿಕ್ಕಿತು. ಆಗಲೇ ಬರೆಯಬೇಕಿದ್ದ ರಿವ್ಯೂ ಇದು.

ಆ ಲಸಿಕೆಗೆ ಹೆಸರು ನೋಂದಾಯಿಸಿ ಬುಕ್ ಮಾಡುವ ಸರ್ಕಾರಿ ಪೋರ್ಟಲ್ ಕೋವಿನ್, ಹಿರಿಯರ ಮಟ್ಟಿಗೆ ನಿಜಕ್ಕೂ ಚೆನ್ನಾಗಿತ್ತು. 2021ರ ಮಾರ್ಚ್ 1ಕ್ಕೆ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಆಗ ಒಂದು ಮೊಬೈಲ್ ನಂಬರಿಗೆ ನಾಲ್ಕು ಜನ ಹೆಸರು ಕೊಡಬಹುದಿತ್ತು, ಹಾಗಾಗಿ ಅಪ್ಪ, ಅಮ್ಮ, ದೊಡ್ಡಮ್ಮ ಮೂವರೂ ನನ್ನ ಫೋನಿನಲ್ಲೇ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದರಲ್ಲ, ಅಷ್ಟರೊಳಗೆ ಲಸಿಕೆ ಆಯಿತು ಅನ್ನೋ ಮೆಸೇಜ್ ಬಂತು. ಅಪ್ಪ ಹಟ ಮಾಡಿ ತಡವಾಗಿ ಏಪ್ರಿಲ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡರು. ಮೇ 13ಕ್ಕೆ ಸರ್ಕಾರ ಕೋವಿಶೀಲ್ಡ್ ಎರಡನೇ ಡೋಸನ್ನು 12ರಿಂದ 16 ವಾರಕ್ಕೆ ತಳ್ಳಿತು, ಕೋವಿನ್ನಿನಲ್ಲೂ ಲೆಕ್ಕ ಬದಲಾಯಿತು. ಅಪ್ಪನನ್ನು ಬಿಸಿಲಲ್ಲಿ ಕರೆದುಕೊಂಡು ಹೋಗಿ ಸುಮ್ನೆ ವಾಪಸ್ ಬರೋದು ತಪ್ಪಿತು.

ಕಷ್ಟ ಶುರುವಾಗಿದ್ದು 18 ತುಂಬಿದವರಿಗೆ ತೆರೆದಾಗ. ಲಸಿಕೆ ಕಡಿಮೆ, ಜನ ಜಾಸ್ತಿ. ಆ ವಯಸ್ಸಿನವರು ಮೊದಲೇ ಆನ್‌ಲೈನ್ ಬುಕ್ ಮಾಡಲೇಬೇಕು ಅಂತ ನಿಯಮ, ಪೋರ್ಟಲ್ ನೋಡಿದರೆ ಬರೀ ಇಂಗ್ಲಿಷ್. ನಮ್ಮ ಬೀದಿಯ ತರಕಾರಿ ಅಂಗಡಿ ಹುಡುಗ ದಿನಾ ನೂರು ಜನರ ಜೊತೆ ಮಾತಾಡುವವನು, ಅವನಿಗೇ ಮೊದಲು ಸಿಗಬೇಕಿತ್ತು ಅಲ್ವಾ? ಅವನ ಹತ್ತಿರ ಇದ್ದದ್ದು ಬಟನ್ ಫೋನು. ಸೊಪ್ಪಿನ ನೀರು ತೊಟ್ಟಿಕ್ಕುವ ಕೈ ಒರೆಸಿಕೊಂಡು ನಮ್ಮ ಬಾಗಿಲಲ್ಲಿ ನಿಂತ, ಆಧಾರ್ ನೋಡಿಕೊಂಡು ನಾನು ಟೈಪ್ ಮಾಡಿದೆ, ಓಟಿಪಿ ಒತ್ತಲು ಇದ್ದದ್ದು 180 ಸೆಕೆಂಡು. ನನ್ನ ನಂಬರಿನ ನಾಲ್ಕನೇ ಜಾಗ ಅವನಿಗೆ ಹೋಯಿತು, ನಾನು ತಂಗಿಯ ನಂಬರಿಗೆ ಸೇರಿಕೊಂಡೆ. ಸ್ಮಾರ್ಟ್‌ಫೋನ್ ಇರುವ ಪಕ್ಕದ ಮನೆಯವರು ಇಲ್ಲದವರು ಏನು ಮಾಡಬೇಕಿತ್ತು? ಆ ಮೇ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರವನ್ನು ಇದನ್ನೇ ಕೇಳಿತು. ಜೂನ್‌ನಲ್ಲಿ ಕನ್ನಡ ಬಂತು, ಬುಕ್ ಮಾಡದೆ ನೇರವಾಗಿ ಲಸಿಕೆ ಕೇಂದ್ರಕ್ಕೆ ಹೋದರೂ ಹಾಕುವಂತಾಯಿತು. ಇವೆರಡೂ ಮೊದಲ ದಿನವೇ ಇರಬೇಕಿತ್ತು. ನಾನು ಒಂದೂವರೆ ಅಂಕ ಕಳೆದದ್ದು ಇದಕ್ಕೇ.

ಒಂದು ಮಾತ್ರ ತುಂಬಾ ಹಿಡಿಸಿತು. ಬುಕ್ ಮಾಡಿ ಹೋಗದೇ ಇದ್ದವರಿಗೂ 'ಲಸಿಕೆ ಆಯಿತು' ಅಂತ ಮೆಸೇಜ್ ಬರುತ್ತಿದೆ ಅನ್ನೋ ದೂರುಗಳು ಬಂದ ಮೇಲೆ, ಮೇ 8ರಿಂದ ನಾಲ್ಕು ಅಂಕಿಯ ಗುಟ್ಟಿನ ಕೋಡ್ ತಂದರು. ನಾವು ಹೇಳಿದ ಕೋಡನ್ನು ಲಸಿಕೆ ಕೇಂದ್ರದವರು ಒತ್ತಿದರಷ್ಟೇ ಲೆಕ್ಕ. ಹುಡುಗ ಆ ನಾಲ್ಕು ಅಂಕಿಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋಗಿದ್ದ.

ದೊಡ್ಡಮ್ಮನ ಹೆಸರನ್ನು ಒಂದು ಕೇಂದ್ರದಲ್ಲಿ ತಪ್ಪಾಗಿ ಹೊಡೆದಿದ್ದರು. ಯಾರ ಕೈಕಾಲೂ ಹಿಡಿಯದೆ ಪೋರ್ಟಲ್‌ನಲ್ಲೇ ಸರಿ ಮಾಡಿಕೊಂಡೆವು. ಸರ್ಟಿಫಿಕೇಟಿನ ಕ್ಯೂಆರ್ ಕೋಡ್ ಹಿಂದೆ ಇರೋದು ಡಿವೋಕ್ ಅನ್ನೋ ತಂತ್ರಾಂಶ, ಅದು ನಮ್ಮ ಬೆಂಗಳೂರಿನ ಇ-ಗವರ್ನ್‌ಮೆಂಟ್ಸ್ ಫೌಂಡೇಶನ್‌ನದು. ಗೊತ್ತಾದಾಗ ಹೆಮ್ಮೆ ಆಯಿತು.

ಈಗ ಮಕ್ಕಳ ಲಸಿಕೆಗೆ ಇದೇ ಮಾದರಿಯ ಯು-ವಿನ್ ಬಂದಿದೆ. ತಂಗಿಗೆ ಮಗುವಾಗಿದೆ. ಬಳಸಿ ನೋಡಿ ಅದರ ಬಗ್ಗೆಯೂ ಬರೆಯುತ್ತೇನೆ.