ಮಣಿಕಟ್ಟಿನ ಮಂತ್ರ: ಓಟಗಾರರ ಸಿಲಿಕೋನ್ ಪಟ್ಟಿ ಕೊಳ್ಳಬಹುದೇ?

ಓಡುತ್ತಾ ದಣಿದಾಗ ಮಂತ್ರದಂತೆ ಹೇಳಿಕೊಳ್ಳಲು ನಮ್ಮದೇ ಮಾತು ಕೊರೆಸಿಕೊಳ್ಳುವ ಕೈಪಟ್ಟಿ ಇದು. ಅಗಲ 12 ಮಿ.ಮೀ., ಸುತ್ತಳತೆ 202 ಮಿ.ಮೀ. ಮಣಿಕಟ್ಟು ಸಣ್ಣದಿದ್ದರೆ 180ರದ್ದೇ ತಗೊಳ್ಳಿ. ಸಡಿಲವಾದರೆ ಪಟ್ಟಿ ತಿರುಗಿ, ಬೇಕಾದ ಹೊತ್ತಿಗೆ ಅಕ್ಷರವೇ ಕಾಣದು. ಮೇಲೆ ಬರೀ ಅಚ್ಚು ಹಾಕಿದ್ದು ಬೆವರು, ತಿಕ್ಕಾಟಕ್ಕೆ ಅಳಿಸುತ್ತದೆ. ಕೊರೆದು ಬಣ್ಣ ತುಂಬಿದ್ದೇ ಬಾಳಿಕೆಯದು. ಒತ್ತಕ್ಷರ ಮಾತ್ರ ಕಲಸಿಹೋಗುತ್ತದೆ: ‘ಶಕ್ತಿ’ಗಿಂತ ‘ಹಗುರ’ ಸ್ಪಷ್ಟ.

ಪಟ್ಟಿಗಿಂತ ಮಾತಿನ ಆಯ್ಕೆಯೇ ಕಷ್ಟ. ನಾಲ್ಕಕ್ಷರ ಸಾಕು, ಹೆಜ್ಜೆಗೊಂದು ಅಕ್ಷರ ಕೂರಬೇಕು, ಹ-ಗು-ರ-ಕೆ ಅನ್ನುವ ಹಾಗೆ. ‘ನಿಲ್ಲಬೇಡ’ ಬೇಡವೇ ಬೇಡ, ದಣಿದ ಕಿವಿಗೆ ಕೇಳುವುದು ‘ನಿಲ್ಲು’ ಅಷ್ಟೇ. (‘ನಡೆ ನಡೆ’ ಲಯಕ್ಕೆ ಚೆಂದ, ಆದರೆ ಕಾಲು ಅದನ್ನು ಅಕ್ಷರಶಃ ಪಾಲಿಸಿಬಿಟ್ಟೀತು!) ಮೊದಲ ಕಿಲೋಮೀಟರಿನಿಂದಲೇ ಜಪಿಸಿದರೆ ಮಾತು ಸವೆಯುತ್ತದೆ. ಮ್ಯಾರಥಾನ್‌ನ 42.195 ಕಿ.ಮೀ.ನಲ್ಲಿ ಅದನ್ನು 30ರ ಆಚೆಗೆ, ಗ್ಲೈಕೊಜನ್ (ಮೈ ಕೂಡಿಟ್ಟ ಸಕ್ಕರೆ) ಬತ್ತುವ ಹೊತ್ತಿಗೆ ಉಳಿಸಿಡಿ. ವಾರದ ಉದ್ದ ಓಟದ ಕೊನೆಯ 3-4 ಕಿ.ಮೀ. ಅದೇ ಮಾತಿನಲ್ಲಿ ಓಡಿ ರೂಢಿಯಾಗಿರಬೇಕು, ಇಲ್ಲದಿದ್ದರೆ ಅವತ್ತು ನಾಲಿಗೆಗೇ ಬರದು. ಮಂಡಿ ಚುಚ್ಚಿದರೆ ಮಂತ್ರ ಬಿಟ್ಟು ನಿಲ್ಲಿ.

ಒಂದು ಕೊರತೆ: ಪಟ್ಟಿ ಎರಕ ಹೊಯ್ದಾಗ ಒಳಬದಿಯಲ್ಲಿ ಉಳಿದ ಗೆರೆ ಉಜ್ಜಿ ಚರ್ಮ ಕೆಂಪಾಗುತ್ತದೆ, ಸ್ವಲ್ಪ ವ್ಯಾಸಲೀನ್ ಸವರಿ. ವಾಚ್ ಇಲ್ಲದ ಕೈಗೇ ಹಾಕಿ, ತಾಗಿದರೆ ಎದೆಬಡಿತದ ಲೆಕ್ಕ ತಪ್ಪಬಹುದು.