ಮೂರು ತಿಂಗಳು ಬಾಡಿಗೆಗೆ ತಗೊಂಡ ಸ್ಕ್ರಮ್ ಮಾಸ್ಟರ್, ದುಡ್ಡು ವಸೂಲಾಯ್ತಾ?

ಸ್ಕ್ರಮ್ ಅಂದ್ರೆ ದೊಡ್ಡ ಕೆಲ್ಸನ ಸಣ್ಣ ಸಣ್ಣ ತುಂಡು ಮಾಡಿ ಟೀಮಾಗಿ ಮುಗಿಸೋ ಒಂದು ಪದ್ಧತಿ, ಅದನ್ನ ಟೀಮಿಗೆ ಕಲಿಸಿ ರೂಢಿ ಮಾಡ್ಸೋರು ಸ್ಕ್ರಮ್ ಮಾಸ್ಟರ್. ಮೊದ್ಲೇ ಹೇಳಿಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಅದ್ರಾಗೆ ಸ್ಕ್ರಮ್ ಮಾಸ್ಟರ್ ಆಗಿ ಬಂದ ಮೇಡಂಗೆ ನಾಲ್ಕೂವರೆ, ಅವ್ರನ್ನ ಕಳಿಸಿದ ಕಂಪನಿಗೆ ಎರಡೂವರೆ, ಸರಾಸರಿ ನೀವೇ ಹಾಕ್ಕೊಳ್ರಿ.

ನಮ್ದು ಬಳ್ಳಾರಿನಾಗ ಏಳು ಜನರ ಸಣ್ಣ ಟೀಮು. ಗಾಂಧಿನಗರದ ಕಡೆ ಮಹಡಿ ಮೇಲೆ ಆಫೀಸು, ಕೆಳಗೆ ಝೆರಾಕ್ಸ್ ಅಂಗಡಿ. ಇಲ್ಲಿನ ಜೀನ್ಸ್ ಯೂನಿಟ್‌ಗಳಿಗೆ, ಗಂಗಾವತಿ ಸಿಂಧನೂರು ಕಡೆ ರೈಸ್ ಮಿಲ್ಲುಗಳಿಗೆ ಬಿಲ್ಲಿಂಗು, ಸ್ಟಾಕು, ಇ-ವೇ ಬಿಲ್ಲು ಇಂಥ ಸಾಫ್ಟ್‌ವೇರ್ ಮಾಡ್ಕೊಡ್ತೀವಿ. ಎಲ್ಲಾ ಕೆಲ್ಸನೂ ಲೇಟು, ಅದೇನ್ ಹೊಸದಲ್ಲ ಬಿಡ್ರಿ. ಬೆಂಗ್ಳೂರಿನ ದೋಸ್ತ್ ಒಬ್ರು ನಮ್ ಓನರ್ ಅಣ್ಣನ ಕಿವಿಗೆ ಊದಿದ್ರು, ನಿಮ್ ಹತ್ರ ಸ್ಕ್ರಮ್ ಮಾಸ್ಟರ್ ಇಲ್ಲ ಅದಕ್ಕೇ ಹಿಂಗಾಗ್ತೈತೆ ಅಂತ, ಇವ್ರು ಹಿಂದೆ ಮುಂದೆ ನೋಡ್ದೆ ಒಂದು ಕನ್ಸಲ್ಟಿಂಗ್ ಕಂಪನಿ (ಹೆಸ್ರು ಬೇಡ) ಜೊತೆ ಮೂರು ತಿಂಗಳ ಪ್ಯಾಕೇಜಿಗೆ ಸೈನ್ ಹಾಕ್ಬಿಟ್ರು. ದಿನಾ ಒಂದ್ ತಾಸು ವಿಡಿಯೋ ಕಾಲ್, ಹದಿನೈದು ದಿನಕ್ಕೊಮ್ಮೆ ಮೇಡಂ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಖುದ್ದು ಬರೋದು. ತಿಂಗಳ ಬಿಲ್ಲು ಅಂದ್ರೆ ನಮ್ಮಲ್ಲಿ ಒಬ್ಬ ಫ್ರೆಶರ್ ಹುಡುಗನ ಎರಡು ತಿಂಗಳ ಸಂಬಳ. ಎಲ್ರಿಗೂ ಹೊಟ್ಟೆ ಉರಿಯೋಕೆ ಅಷ್ಟು ಸಾಕಾಗಿತ್ತು.

ಮೊದಲ ತಿಂಗಳು ದಂಡ. ಸ್ಟ್ಯಾಂಡಪ್ ಅಂತ ದಿನಾ ಒಂದು ಮೀಟಿಂಗು, ನಲವತ್ತು ನಿಮಿಷ, ಇಸ್ಕೂಲಿನಾಗ ಹಾಜರಿ ಹೇಳ್ದಂಗೆ ಒಬ್ಬೊಬ್ರೇ ನಿನ್ನೆ ಏನ್ ಮಾಡ್ದೆ, ಇವತ್ತು ಏನ್ ಮಾಡ್ತೀನಿ, ಏನ್ ಅಡ್ಡ ಬಂತು ಅಂತ ಮೇಡಂಗೆ ಒಪ್ಪಿಸೋದು. ಸಿಟ್ಟಿಗೆ ನಾನೇ ಸ್ಕ್ರಮ್ ಗೈಡ್ ಅನ್ನೋ ನಿಯಮದ ಪುಸ್ತಕ ಡೌನ್‌ಲೋಡ್ ಮಾಡಿ ಓದ್ದೆ, ಸ್ಕ್ರಮ್ ಹುಟ್ಟುಹಾಕಿದ ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಬರೆದಿದ್ದು, 2020ರ ಆವೃತ್ತಿ, ಹದಿಮೂರು ಹದಿನಾಲ್ಕು ಪುಟ ಅಷ್ಟೇ. ಅದ್ರಾಗೆ ಡೈಲಿ ಸ್ಕ್ರಮ್ (ಇದೇ ಸ್ಟ್ಯಾಂಡಪ್ಪು) 15 ನಿಮಿಷ, ಅದು ಡೆವಲಪರ್‌ಗಳ ಮೀಟಿಂಗು, ಮೂರು ಪ್ರಶ್ನೆನೂ ತೆಗೆದುಹಾಕ್ಯಾರೆ! ಮರುದಿನ ಕಾಲ್‌ನಾಗೇ ಹೇಳ್ಬಿಟ್ಟೆ. ಮೇಡಂಗೆ ಕೋಪ ಬರುತ್ತೆ ಅನ್ಕೊಂಡಿದ್ದೆ, ನಕ್ಕು "ಸರಿ, ನಾಳೆಯಿಂದ ನಾನು ಮ್ಯೂಟ್" ಅಂದ್ರು, ಅಂದಂಗೇ ಇದ್ರು. ಆವತ್ತಿಂದ ಅವ್ರ ಮೇಲೆ ನಂಗೆ ಸ್ವಲ್ಪ ಮರ್ಯಾದೆ ಬಂತು.

ಮೇಡಂ ಆಡಿಸೋ ಆಟಗಳು ಬೇರೆ. ಏಪ್ರಿಲ್ ಬಿಸಿಲು, ಕರೆಂಟ್ ಹೋಗೈತೆ, ಯುಪಿಎಸ್ ಕುಂಯ್ ಅಂತೈತೆ, ನೀವು ಪ್ರಾಣಿಯಾಗಿದ್ರೆ ಯಾವ ಪ್ರಾಣಿ ಅಂತ ಕೇಳಿದ್ರು. ನಮ್ ಟೆಸ್ಟರ್ ಹುಡುಗಿ "ಎಮ್ಮೆ ಮೇಡಂ, ಕೆರೆನಾಗ ಬಿದ್ಕೊಂಡಿರ್ಬೋದು" ಅಂದ್ಳು. ಆಮೇಲೆ ಆಟ ನಿಂತ್ವು.

ಈಗ ದುಡ್ಡು ವಸೂಲಾದ ಜಾಗಕ್ಕೆ ಬರ್ತೀನಿ. ಜೀನ್ಸ್ ಯೂನಿಟ್ ಒಳಗೆ ಹೋದವ್ರಿಗೆ ಗೊತ್ತಿರ್ತೈತೆ, ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸ್ತಾನೇ ಇರ್ತಾನೆ, ಹೊಲಿಗೆನೂ ಓಡ್ತಿರ್ತೈತೆ, ಆದ್ರೆ ವಾಷಿಂಗ್‌ನಾಗ ಜಾಗ ಇಲ್ಲ ಅಂದ್ರೆ ಪ್ಯಾಂಟು ಗುಡ್ಡ ಬಿದ್ದಿರ್ತವೆ, ಒಂದೂ ಅಂಗಡಿಗೆ ಹೋಗಿರಲ್ಲ. ಮೇಡಂ ಒಂದು ಯೂನಿಟ್ ನೋಡ್ಕೊಂಡು ಬಂದು ನಮ್ ಬೋರ್ಡ್ ಮುಂದೆ ನಿಂತ್ರು. ಒಂದೊಂದು ಕೆಲ್ಸಕ್ಕೆ ಒಂದೊಂದು ಕಾರ್ಡು, ಕೆಲ್ಸ ಯಾವ ಹಂತದಾಗ ಐತೋ ಆ ಕಾಲಂನಾಗ ಅಂಟಿಸಿರ್ತೀವಿ. ಡೆವಲಪರ್ ನಾಲ್ಕು ಜನ, ಟೆಸ್ಟರ್ ಒಬ್ಳು, ಟೆಸ್ಟಿಂಗ್ ಕಾಲಂನಾಗ 14 ಕಾರ್ಡು. "ನಿಮ್ಮ ವಾಷಿಂಗ್ ಇಲ್ಲೇ ಇದೆ ನೋಡಿ" ಅಂದ್ರು. ವರ್ಷಾನುಗಟ್ಲೆ ಅದೇ ಬೋರ್ಡ್ ನೋಡ್ತಿದ್ವಿ, ಒಬ್ರಿಗೂ ಕಂಡಿರ್ಲಿಲ್ಲ. ಟೆಸ್ಟಿಂಗ್‌ನಾಗ ನಾಲ್ಕು ಕಾರ್ಡ್ ತುಂಬಿದ್ರೆ ಯಾರೂ ಹೊಸ ಕೆಲ್ಸ ಎತ್ಕೊಳ್ಳಂಗಿಲ್ಲ, ಕೂತು ಟೆಸ್ಟ್ ಮಾಡ್ಬೇಕು ಅಂತ ರೂಲ್ ಆಯ್ತು. (ಇದು ಸ್ಕ್ರಮ್ ಗೈಡ್‌ನಾಗ ಇಲ್ಲ, ಕಾನ್‌ಬಾನ್ ಅಂತ ಕೈಯಲ್ಲಿರೋ ಕೆಲ್ಸಕ್ಕೆ ಮಿತಿ ಹಾಕೋ ಬೇರೆ ಪದ್ಧತಿದು, ಟೊಯೋಟಾ ಕಾರ್ಖಾನೆಯಿಂದ ಬಂದದ್ದು. ಇರ್ಲಿ.) ನಮ್ ಸೀನಿಯರ್ ಒಬ್ರು ನಾನು ಕೋಡ್ ಬರಿಯೋನು ಅಂತ ಮೂರು ದಿನ ಮುಖ ಊದಿಸ್ಕೊಂಡಿದ್ರು. ಎರಡು ಸ್ಪ್ರಿಂಟ್ (ಇಷ್ಟು ಕೆಲ್ಸ ಅಂತ ಗೊತ್ತು ಮಾಡ್ಕೊಂಡು ಮುಗಿಸೋ ಅವಧಿ) ಆದ್ಮೇಲೆ ಶನಿವಾರ ರಾತ್ರಿ ಕೂರ್ದೆ ಒಂದು ರಿಲೀಸ್ ಹೋಯ್ತು.

ಎರಡನೇದು ಓನರ್ ಅಣ್ಣನ ವಿಷ್ಯ. ಸಿಂಧನೂರಿನ ಮಿಲ್ಲಿನವ್ರು ಫೋನ್ ಮಾಡಿ ತೌಡು, ನುಚ್ಚಿನ ಸ್ಟಾಕ್ ಬೇರೆ ಬೇರೆ ತೋರಿಸ್ಬೇಕು, ನಾಳೆನೇ ಬೇಕು ಅಂದ್ರೆ ಇವ್ರು ನೇರ ಬಂದು ಯಾರೋ ಒಬ್ರ ತಲೆ ಮೇಲೆ ಹಾಕ್ಬಿಡ್ತಿದ್ರು. ಮೇಡಂ ತಡೆದ್ರು. "ಏನ್ರಿ ಮೇಡಂ, ನನ್ ಕಂಪನಿನಾಗ ನಾ ಕೆಲ್ಸ ಹೇಳಂಗಿಲ್ಲೇನು?" "ಹೇಳಿ ಸರ್, ಇದು ಒಳಗೆ ಬಂದ್ರೆ ಯಾವ್ದು ಹೊರಗೆ ಹೋಗ್ಬೇಕು ಅನ್ನೋದನ್ನೂ ನೀವೇ ಹೇಳಿಬಿಡಿ." ಅಣ್ಣ ಹತ್ತು ನಿಮಿಷ ಬೋರ್ಡ್ ನೋಡಿ, ತಾವೇ ಹಟ ಮಾಡಿ ಹಾಕ್ಸಿದ್ದ ಕಲರ್ ಕಲರ್ ಡ್ಯಾಶ್‌ಬೋರ್ಡ್ ಕಾರ್ಡ್ ಕಿತ್ತು ಕೆಳಗಿಟ್ರು. ನಾವ್ಯಾರೂ ಈ ಮಾತು ಅವ್ರಿಗೆ ಹೇಳೋಕಾಗ್ತಿರ್ಲಿಲ್ಲ, ಸಂಬಳ ತಗೊಳ್ಳೋರು. ಹೊರಗಿನವ್ರಿಗೆ ಕೊಟ್ಟ ದುಡ್ಡು ಈ ಒಂದು ಮಾತಿಗೇ ಅಂತ ನಂಗನ್ನಿಸ್ತೈತೆ.

ಕಂಪನಿಗೆ ಮಾರ್ಕ್ಸ್ ಕಡಿತ ಯಾಕೆ ಅಂದ್ರೆ ವಾರವಾರ ಕಳಿಸೋ ರಿಪೋರ್ಟಿಗೆ. ಹೋದ್ವಾರ 21 ಸ್ಟೋರಿ ಪಾಯಿಂಟ್ (ಕೆಲ್ಸ ಎಷ್ಟು ದೊಡ್ಡದು ಅಂತ ನಾವೇ ಅಂದಾಜಿಗೆ ಹಾಕೋ ಅಂಕ), ಈ ವಾರ 18, ಯಾಕೆ ಇಳೀತು ಅಂತ ಓನರ್ ಕೇಳೋಕೆ ಶುರು ಮಾಡಿದ್ರು. ನಾವೇನ್ ಮಾಡಿದ್ವಿ, ಮುಂದಿನ ವಾರ ಮೂರರ ಕೆಲ್ಸಕ್ಕೆಲ್ಲಾ ಐದು ಬರೆದ್ವಿ. ಗ್ರಾಫ್ ಏರ್ತು, ಎಲ್ರಿಗೂ ಖುಷಿ. ಈ ಸ್ಟೋರಿ ಪಾಯಿಂಟ್ ಅನ್ನೋ ಪದನೇ ಗೈಡ್‌ನಾಗ ಇಲ್ಲ, ಗೊತ್ತಿರ್ಲಿ.

ಏಳು ಜನಕ್ಕೆ ಪರ್ಮನೆಂಟ್ ಆಗಿ ಒಬ್ರು ಬೇಕಾ ಅಂದ್ರೆ ಬೇಡ. ಅಮೆರಿಕದಾಗ ಕ್ಯಾಪಿಟಲ್ ಒನ್‌ನಂಥ ದೊಡ್ಡ ಬ್ಯಾಂಕೇ 2023ರ ಜನವರಿನಾಗ 1,100ಕ್ಕೂ ಹೆಚ್ಚು ಅಜೈಲ್ (ಸ್ಕ್ರಮ್‌ನಂಥ ಪದ್ಧತಿಗಳನ್ನ ನೋಡ್ಕೊಳ್ಳೋ) ಹುದ್ದೆ ತೆಗೆದು, ಆ ಕೆಲ್ಸ ಇಂಜಿನಿಯರ್‌ಗಳೇ ನೋಡ್ಕೊಳ್ಲಿ ಅಂತು. ಗೈಡ್ ಕೂಡ ಸ್ಕ್ರಮ್ ಮಾಸ್ಟರ್ ಡೆವಲಪರ್ ಕೆಲ್ಸನೂ ಮಾಡ್ಬೋದು ಅಂತಾನೇ ಇಟ್ಕೊಂಡೈತೆ. ನಮ್ಮಲ್ಲಿ ಈಗ ಅದೇ ಎಮ್ಮೆ ಹುಡುಗಿ ನೋಡ್ಕೋತಾಳೆ, ಸ್ಕ್ರಮ್ ಮಾಸ್ಟರ್ ಸರ್ಟಿಫಿಕೇಟಿನ ಪಿಎಸ್‌ಎಂ ಒನ್ ಪರೀಕ್ಷೆಗೂ ಓದ್ತಾ ಇದ್ದಾಳೆ, 60 ನಿಮಿಷಕ್ಕೆ 80 ಪ್ರಶ್ನೆ, ಪಾಸಾಗೋಕೆ 85 ಪರ್ಸೆಂಟ್ ಬೇಕು.

ಕಂಪನಿಯವ್ರು ರಿನ್ಯೂ ಮಾಡ್ತೀರಾ ಅಂತ ವಾರಕ್ಕೊಮ್ಮೆ ಫೋನ್ ಮಾಡ್ತಾರೆ, ಅಣ್ಣ ಎತ್ತಲ್ಲ. ನೀವು ತಗೊಳ್ಳೋದಾದ್ರೆ ಒಂದು ತಿಂಗಳಿಗೆ ಕೊಡ್ತಾರಾ ಕೇಳ್ರಿ, ನಮ್ಗೆ ಕೊಡ್ಲಿಲ್ಲ.