ಅಮೃತಬಳ್ಳಿ ಹೌದೋ ಅಲ್ವೋ: ನಾಲ್ಕು ಕಡೆ ಕೇಳಿ ನೋಡಿದೆ

ಮೇ ಕೊನೆಯ ಮಳೆ ಬಿದ್ದಿದ್ದೇ ತಡ, ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಒಂದು ಬಳ್ಳಿ ಎದ್ದಿತು. ನಾವು ನೆಟ್ಟಿದ್ದಲ್ಲ. ಮೂರು ವಾರದಲ್ಲಿ ಅರ್ಧ ಮರ ಏರಿ, ಬಟ್ಟೆ ಒಣಗಿಸುವ ತಂತಿಗೂ ಸುತ್ತಿಕೊಂಡಿತು. ಎಲೆ ನೋಡಿದರೆ ಥೇಟ್ ವೀಳ್ಯದೆಲೆ ಆಕಾರ. ನಮ್ಮ ಶಿವಮೊಗ್ಗದ ಕಡೆ ಅಂಥ ಎಲೆಯ ಬಳ್ಳಿ ಒಂದೆರಡಲ್ಲ. ಕೀಳುವುದೋ ಬಿಡುವುದೋ ಗೊತ್ತಾಗದೆ ನಾಲ್ಕು ಕಡೆ ಕೇಳಿದೆ.

ಮೊದಲು ಫೋನಿನ ಫೋಟೊ ಹುಡುಕಾಟ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಬೆಳಗ್ಗೆ ತೆಗೆದ ಫೋಟೊಗೆ ಅಮೃತಬಳ್ಳಿ ಅಂದಿತು. ಅದೇ ಎಲೆಯನ್ನು ಸಂಜೆ ತೆಗೆದರೆ ಕಾಳುಮೆಣಸು! ಎರಡೂ ಸಲ ಅನುಮಾನವೇ ಇಲ್ಲದ ದನಿ.

ಎರಡನೆಯದು ನಮ್ಮತ್ತೆ. ಜಗಲಿಯಲ್ಲಿ ಕೂತೇ, "ಅಮೃತಬಳ್ಳಿ ಕಣೇ, ಕೀಳ್ಬೇಡ, ಕಷಾಯಕ್ಕಾಗುತ್ತೆ" ಅಂದರು. ಫೋನೂ ಒಮ್ಮೆ ಹಾಗೇ ಹೇಳಿತ್ತಲ್ವಾ, ನಾನೂ ನಂಬಿಬಿಟ್ಟೆ. ನಾಲ್ಕು ಎಲೆ ಕೊಯ್ದು ತೊಳೆದೂ ಇಟ್ಟಿದ್ದೆ.

ಆಮೇಲೆ ಸುಮ್ನೆ ಇರಲಿ ಅಂತ ಪ್ಲಾಂಟ್‌ನೆಟ್ ಹಾಕಿಕೊಂಡೆ. ಫ್ರಾನ್ಸಿನವರು ಕಟ್ಟಿದ ಆಪ್, ದುಡ್ಡಿಲ್ಲ. ಇದು ಫೋಟೊ ಎಲೆಯದೋ, ಹೂವಿನದೋ, ಕಾಯಿಯದೋ, ತೊಗಟೆಯದೋ ಎಂದು ಕೇಳುತ್ತದೆ. ಒಂದೇ ಗಿಡದ ನಾಲ್ಕಾರು ಫೋಟೊ ಒಟ್ಟಿಗೆ ಕೊಡಬಹುದು. ಒಂದೇ ಹೆಸರು ಹೇಳಿ ಕೈತೊಳೆದುಕೊಳ್ಳದೆ, ಹಲವು ಹೆಸರು ಕೊಟ್ಟು ಪಕ್ಕದಲ್ಲೇ ಎಷ್ಟು ಶೇಕಡಾ ನಂಬಿಕೆ ಅಂತಲೂ ಹಾಕುತ್ತದೆ. ನನಗೆ ಮೊದಲ ಸಾಲಲ್ಲಿ ಬಂದದ್ದು ಡಯಾಸ್ಕೋರಿಯ ಬಲ್ಬಿಫೆರ. ಅಂದರೆ ಬಳ್ಳಿ ಆಲೂಗಡ್ಡೆ, ಹೆಗ್ಗೆಣಸಿನ ಜಾತಿ. ಅಮೃತಬಳ್ಳಿ ಎಲ್ಲೋ ಕೆಳಗಿತ್ತು.

ನಾಲ್ಕನೆಯದು ಐನ್ಯಾಚುರಲಿಸ್ಟ್ ಎಂಬ ಆಪ್. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿದ್ದು. ಇಲ್ಲಿ ಯಂತ್ರದ ಊಹೆಯ ಮೇಲೆ ಮನುಷ್ಯರೂ ಕಣ್ಣಾಡಿಸುತ್ತಾರೆ. ಉತ್ತರ ಬರಲು ಒಂದು ದಿನ ಹಿಡಿಯಿತು, ಆದರೆ ಬಂದದ್ದು ಪ್ರಶ್ನೆ: ಕಾಂಡ ತೋರಿಸಿ, ಎಲೆಯ ಹಿಂಬದಿ ತೋರಿಸಿ, ತೊಟ್ಟು ಕೂಡುವ ಜಾಗ ತೋರಿಸಿ. ಅಲ್ಲಿಯವರೆಗೆ ಇದನ್ನು ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. (ಮನೆಯ ಫೋಟೊ ಹಾಕುವಾಗ ಜಾಗ ಮಸುಕು ಮಾಡುವ ಆಯ್ಕೆ ಒತ್ತಿ, ಮರೆಯಬೇಡಿ.)

ಎಲೆಯನ್ನು ಬಿಸಿಲಿಗೆ ಹಿಡಿದೆ. ಬುಡದಿಂದ ಹೊರಟ ನರಗಳು ಬಿಲ್ಲಿನಂತೆ ಬಾಗಿ ತುದಿಯತ್ತ ಓಡುತ್ತಿವೆ, ನಡುನಡುವೆ ಏಣಿಯ ಮೆಟ್ಟಿಲಿನ ಹಾಗೆ ಸಣ್ಣ ಅಡ್ಡಗೆರೆ. ಕಾಂಡ ನುಣುಪು, ಪೆನ್ಸಿಲಿಗಿಂತ ತೆಳು. ಹಿಂದಿನ ಬೀದಿಯ ಬೇಲಿಯಿಂದ ನಿಜವಾದ ಅಮೃತಬಳ್ಳಿಯ ತುಂಡು ತಂದು ಪಕ್ಕದಲ್ಲಿಟ್ಟೆ. ಹೆಬ್ಬೆರಳು ದಪ್ಪದ ಕಾಂಡ, ಮೈತುಂಬ ಚುಕ್ಕೆ. ಉಗುರಿನಲ್ಲಿ ಕೆರೆದರೆ ಕಾಗದದಂಥ ಸಿಪ್ಪೆ ಎದ್ದು ಒಳಗೆ ಹಸಿರು. ಅಡ್ಡ ಕತ್ತರಿಸಿದರೆ ಗಾಡಿಚಕ್ರದ ಕಡ್ಡಿಗಳ ಹಾಗೆ ಗೆರೆ. ಬೇಲಿಯಲ್ಲಿ ಅದರಿಂದ ದಾರದಂಥ ಬೇರುಗಳೂ ಜೋತುಬಿದ್ದಿದ್ದವು.

ಅತ್ತೆ ಕನ್ನಡಕ ಹಾಕಿಕೊಂಡು ಹಿತ್ತಲಿಗೆ ಬಂದರು. ಬಳ್ಳಿಯನ್ನು ಬುಡದವರೆಗೆ ಸವರಿ, "ಬೇರು ಎಲ್ಲಿ ಇಳಿದಿದೆಯೇ? ಇದಲ್ಲ ಬಿಡು" ಅಂದು ತೊಳೆದ ಎಲೆಗಳನ್ನು ತಾವೇ ಗೊಬ್ಬರದ ಗುಂಡಿಗೆ ಹಾಕಿದರು. ಹತ್ತಿರದಿಂದ ನೋಡಿದರೆ ಅವರೇ ಮೊದಲನೆಯವರು, ಜಗಲಿಯಿಂದಾದರೆ ಫೋನಿಗೆ ಸಮ.

ಕಷಾಯದ ಆಸೆಯಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಲೇಬೇಕು. ಅಮೃತಬಳ್ಳಿಯ ಹತ್ತಿರದ ನಂಟಿನ ಟೈನೋಸ್ಪೋರ ಕ್ರಿಸ್ಪ ಎಂಬ ಬಳ್ಳಿ ಅಪಾಯ ಮಾಡಬಹುದು, ಅದನ್ನೇ ಅಮೃತಬಳ್ಳಿ ಅಂದುಕೊಳ್ಳಬೇಡಿ ಎಂದು ಆಯುಷ್ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು. ಅದರ ಕಾಂಡ ಬೂದುಬಣ್ಣ, ಮೇಲೆಲ್ಲ ಸಣ್ಣ ಗಂಟುಗಳು.

ಈಗ ಹೊಸ ಗಿಡ ಕಂಡರೆ ನಾನು ಪ್ಲಾಂಟ್‌ನೆಟ್‌ನಿಂದ ಶುರುಮಾಡುತ್ತೇನೆ. ಬಾಯಿಗೆ ಹೋಗುವಂಥದ್ದಾದರೆ ಐನ್ಯಾಚುರಲಿಸ್ಟ್‌ನವರಿಗೆ ಒಂದು ದಿನ ಕಾಯುತ್ತೇನೆ, ಅತ್ತೆಯನ್ನೂ ಗಿಡದ ಹತ್ತಿರ ಕರೆದೊಯ್ಯುತ್ತೇನೆ. ಫೋನಿನ ಹುಡುಕಾಟ ದಾರಿಬದಿಯ ಹೂವಿಗೆ ಸಾಕು.

ಸೆಪ್ಟೆಂಬರಿನಲ್ಲಿ ಎಲೆಯ ಕಂಕುಳಲ್ಲಿ ಗೋಲಿಯಷ್ಟು ಗೆಡ್ಡೆ ಕಾಣಿಸಿತು. ಅಲ್ಲಿಗೆ ಅನುಮಾನ ಮುಗಿಯಿತು. ಈಗ ಅವು ಕಂದು ಆಲೂಗಡ್ಡೆಯಷ್ಟಾಗಿವೆ. ಕಾಡುತಳಿಯಾದರೆ ಕಹಿ, ಹದಮಾಡದೆ ತಿಂದರೆ ವಿಷ. ಹಾಗಾಗಿ ಅಡುಗೆಮನೆಗೆ ತಂದಿಲ್ಲ. ಬಿದ್ದಲ್ಲೆಲ್ಲ ಮೊಳೆಯುತ್ತವೆ ಬೇರೆ, ದಿನಾ ಬೆಳಗ್ಗೆ ಬಕೆಟ್ ಹಿಡಿದು ಆರಿಸುವುದೇ ಕೆಲಸವಾಗಿದೆ.